ಪ್ಯಾಕೆಟ್ ಮೇಲ್‌ಬಾಕ್ಸಲ್ಲಿ "ಚಿಕ್ಕಬಳ್ಳಾಪುರ" ಅಂತ ಬರೆದ್ರೆ ಮೆಸೇಜೇ ಮುಗ್ದೋಗುತ್ತೆ, ಯಾರಿಗಾದ್ರೂ ಹಿಂಗಾಗಿದ್ಯಾ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಎಲ್ರಿಗೂ ನಮಸ್ಕಾರ. ಹೋದ ವರ್ಷ ಹ್ಯಾಮ್ (ಹವ್ಯಾಸಿ) ರೇಡಿಯೋ ಪರೀಕ್ಷೇಲಿ ರೆಸ್ಟ್ರಿಕ್ಟೆಡ್ ಗ್ರೇಡ್ ಪಾಸ್ ಮಾಡಿ ವಿಯು3 ಕಾಲ್‌ಸೈನ್ ತಗೊಂಡೆ. ಶಿಡ್ಲಘಟ್ಟದಲ್ಲಿ ನನ್ ಫ್ರೆಂಡ್ ಒಬ್ಬ ಇದಾನೆ, ಅವನ್ದೂ ಲೈಸೆನ್ಸ್ ಇದೆ. ನಂದು ನೈಟ್ ಶಿಫ್ಟು, ಅವ್ನು ಬೆಳಿಗ್ಗೆ ಎದ್ರೆ ರೇಷ್ಮೆ ಗೂಡಿನ ಮಾರ್ಕೆಟ್ಟು, ಆಮೇಲೆ ಫಿಲೇಚರು (ಗೂಡಿಂದ ನೂಲು ತೆಗೆಯೋ ಜಾಗ), ಹಂಗಾಗಿ ಇಬ್ರೂ ಒಂದೇ ಟೈಮಿಗೆ ರೇಡಿಯೋ ಮುಂದೆ ಕೂರೋದೇ ಇಲ್ಲ. ಅದಕ್ಕೆ ಪ್ಯಾಕೆಟ್ ಮೇಲ್‌ಬಾಕ್ಸ್ (ರೇಡಿಯೋದಲ್ಲೇ ಮೆಸೇಜ್ ಬಿಟ್ಟು ಹೋಗೋ ಪೆಟ್ಟಿಗೆ) ಮಾಡೋಣ ಅನ್ಕೊಂಡು ಒಬ್ರು ಸೀನಿಯರ್ ಹತ್ರ ಎರಡು ಹಳೇ ಟಿಎನ್‌ಸಿ (ಕಂಪ್ಯೂಟರ್ ಮತ್ತೆ ರೇಡಿಯೋ ನಡುವಿನ ಮೋಡೆಮ್ ಡಬ್ಬಾ) ತಗೊಂಡ್ವಿ, ಟಿಎನ್‌ಸಿ-2 ಥರದ್ದು, ಒಳಗೆ ಝಡ್80 ಚಿಪ್ಪು, ರ್‍ಯಾಮ್‌ಗೆ ಸಣ್ಣ ಬ್ಯಾಟರಿ ಇದೆ, ಕರೆಂಟ್ ಹೋದ್ರೂ ಮೆಸೇಜ್ ಉಳಿಯುತ್ತೆ. ಒಂದು ನನ್ಹತ್ರ ಒಂದು ಅವನ್ಹತ್ರ.

ಸೆಟಪ್ ಅಷ್ಟೇನು ಕಷ್ಟ ಆಗ್ಲಿಲ್ಲ. ಮೇಲ್‌ಬಾಕ್ಸ್‌ಗೆ ನನ್ ಕಾಲ್‌ಸೈನ್ ಜೊತೆ ಮೈನಸ್ 1 ಹಾಕಿದೀನಿ, 1200 ಬಾಡ್, 2 ಮೀಟರ್ ಬ್ಯಾಂಡ್. ಕನೆಕ್ಟ್ ಆಗುತ್ತೆ, ಲಿಸ್ಟ್ ಬರುತ್ತೆ, ಇಂಗ್ಲಿಷಲ್ಲಿ ಬರೆದ್ರೆ ಎಲ್ಲಾ ಸರಿ.

ಪ್ರಾಬ್ಲಮ್ ಶುರುವಾಗಿದ್ದು ಕನ್ನಡದಲ್ಲಿ ಬರೆದಾಗ. ಅವ್ನು "ನಮಸ್ಕಾರ" ಅಂತ ಕಳ್ಸಿದ್ರೆ ನನಗೆ ಬರೋದು ಇದು:

`2(`2.`28`3
`2`2>`20

ಸರಿ ಫಾಂಟ್ ಪ್ರಾಬ್ಲಮ್ ಇರ್ಬೇಕು ಅಂತ ಬಿಟ್ಟೆ. ಆದ್ರೆ "ಚಿಕ್ಕಬಳ್ಳಾಪುರ" ಅಂತ ಬರೆದ ತಕ್ಷಣ ಮೆಸೇಜು ಅಲ್ಲಿಗೇ ಸೇವ್ ಆಗಿ ಮುಗ್ದೋಗುತ್ತೆ, ಮಿಕ್ಕಿದ್ದನ್ನ ಕಮಾಂಡ್ ಅನ್ಕೊಂಡು ಮೇಲ್‌ಬಾಕ್ಸು ಬೈಯುತ್ತೆ. ಕೋಲಾರ ಅಂದ್ರೆ ಹೋಗುತ್ತೆ, ತುಮಕೂರು ಅಂದ್ರೂ ಹೋಗುತ್ತೆ. ನಮ್ಮೂರ್ ಹೆಸ್ರು ಮಾತ್ರ ಆಗಲ್ಲ. ಏನ್ ಗುರೂ ಇದು?

ಕಲ್ಪತರು ನಾಡು (ತುಮಕೂರು)

ಹ ಹ ಹ, ಜಿಲ್ಲೆ ಆಗಿದ್ದು 2007ರಲ್ಲಿ, ನಿಮ್ ಟಿಎನ್‌ಸಿ ಅದಕ್ಕಿಂತ ಹಳೇದು, ಅದಕ್ಕಿನ್ನೂ ಕೋಲಾರ ಜಿಲ್ಲೆ ಅಂತಲೇ ಗೊತ್ತಿರೋದು.

ತಮಾಷೆ ಬಿಡಿ. ಆ ಡಬ್ಬಾ ಎತ್ತಿ ಅಟ್ಟದ ಮೇಲಿಡಿ. ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್ರು) ಐತಾ? ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ, ಡೈರ್‌ವುಲ್ಫ್ ಇನ್‌ಸ್ಟಾಲ್ ಮಾಡಿ, ಮೋಡೆಮ್ ಕೆಲ್ಸ ಪೂರ್ತಿ ಸಾಫ್ಟ್‌ವೇರಲ್ಲೇ ಆಗೋಗುತ್ತೆ. ಮೇಲೆ ಲಿನ್‌ಬಿಪಿಕ್ಯೂ ಅನ್ನೋ ಸಾಫ್ಟ್‌ವೇರ್ ಓಡ್ಸಿದ್ರೆ ಮೇಲ್‌ಬಾಕ್ಸು, ನೋಡ್ (ಮೆಸೇಜ್ ಮುಂದಕ್ಕೆ ದಾಟ್ಸೋ ಸ್ಟೇಷನ್ನು), ಚಾಟು ಎಲ್ಲಾ ಒಟ್ಟಿಗೆ. ನಂದು ಎರಡು ವರ್ಷದಿಂದ ಹಂಗೇ ಓಡ್ತೈತೆ.

ನಂದಿ ತಪ್ಪಲು

ಪೈ ಇದೆ ಅಣ್ಣ, ಆದ್ರೆ ಈ ಡಬ್ಬಾದ್ದೇ ಒಂದು ಖುಷಿ, ಕಂಪ್ಯೂಟರ್ ಆಫ್ ಮಾಡಿದ್ರೂ ಮೇಲ್‌ಬಾಕ್ಸ್ ಬದುಕಿರುತ್ತೆ. 12 ವೋಲ್ಟ್ ಬ್ಯಾಟರಿ ಮೇಲೆ ರೇಡಿಯೋ, ಟಿಎನ್‌ಸಿ ಎರಡೂ ನಿಂತಿರುತ್ತೆ. ಬೇಸಿಗೆಲಿ ನಮ್ಮ ಕಡೆ ಕರೆಂಟ್ ಕಥೆ ನಿಮಗೆ ಗೊತ್ತಲ್ಲ.

ಹಳೇ ತಂತಿ (ಕೋಲಾರ)

ನಂದಿ ತಪ್ಪಲು ಅವರೇ, ನಿಮ್ಮ ಟಿಎನ್‌ಸಿಯನ್ನ ಅಟ್ಟಕ್ಕೆ ಹಾಕಬೇಡಿ. ನಾನು ಟೆಲಿಗ್ರಾಫ್ ಕೆಲಸ ಮಾಡಿ ರಿಟೈರ್ ಆದವನು, 2013ರ ಜುಲೈನಲ್ಲಿ ತಂತಿ ನಿಂತೋಯ್ತು, ಆದರೆ ನನ್ನ ಶ್ಯಾಕ್‌ನಲ್ಲಿ (ರೇಡಿಯೋ ಕೋಣೆಯಲ್ಲಿ) ಇವತ್ತಿಗೂ ಒಂದು ಟಿಎನ್‌ಸಿ ಮಿಣುಕ್ತಾ ಇದೆ.

ಹೊಸಬರಿಗೆ ಒಂದು ಮಾತು. ಪ್ಯಾಕೆಟ್ ಅನ್ನೋದು ಇಂಟರ್ನೆಟ್ ನೋಡಿ ಕಾಪಿ ಹೊಡೆದಿದ್ದಲ್ಲ. 1978ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹವ್ಯಾಸಿಗಳು ಶುರು ಮಾಡಿದ್ರು, ಆಮೇಲೆ ಅಮೆರಿಕದ ಟೂಸಾನ್ ಊರಿನ ಟಿಎಪಿಆರ್ ಗುಂಪು ಟಿಎನ್‌ಸಿ ಕಿಟ್ ಮಾಡಿತು. ಎಎಕ್ಸ್.25 ಅನ್ನೋದು ಟೆಲಿಫೋನ್ ಕಂಪನಿಗಳ ಎಕ್ಸ್.25 ಪ್ರೋಟೋಕಾಲ್‌ನಿಂದ ಬಂದಿದ್ದು, ವಿಳಾಸದ ಜಾಗದಲ್ಲಿ ಕಾಲ್‌ಸೈನ್ ಕೂರಿಸಿದ್ರು ಅಷ್ಟೆ. ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲೂ ಇಂಥದ್ದೇ ಮೇಲ್‌ಬಾಕ್ಸ್ ಇತ್ತು, ತಲೆ ಮೇಲೆ ಹಾದುಹೋಗೋ ಹತ್ತು ನಿಮಿಷದಲ್ಲಿ ಭೂಮಿಯಿಂದ ಮೆಸೇಜ್ ಹಾಕಿ ಬರ್ತಾ ಇದ್ರು.

ನಿಮ್ಮ ಸಮಸ್ಯೆಗೆ ನನ್ನ ಉತ್ತರ ಸಿಂಪಲ್, ಕಂಗ್ಲಿಷ್‌ನಲ್ಲಿ ಬರೀರಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಾವು ತಂತಿಯಲ್ಲಿ ಇಡೀ ಆಯುಷ್ಯ ಅದನ್ನೇ ಮಾಡಿದ್ದು.

ಇನ್ನೊಂದು. ಗೂಡಿನ ರೇಟು ಗೀಟು ಮೇಲ್‌ಬಾಕ್ಸ್‌ನಲ್ಲಿ ಹಾಕಬೇಡಿ. ವ್ಯಾಪಾರದ ಮಾತು ಹವ್ಯಾಸಿ ಬ್ಯಾಂಡ್‌ನಲ್ಲಿ ಕೂಡದು.

ರೇಷ್ಮೆಗೂಡು (ಶಿಡ್ಲಘಟ್ಟ)

ಆ ಫ್ರೆಂಡ್ ನಾನೇ. ಸಾರ್ ರೇಟ್ ಹಾಕಿಲ್ಲ ಸಾರ್, "ಚೆನ್ನಾಗಿದ್ದೀಯಾ" ಅಂತ ಹಾಕ್ದೆ ಅಷ್ಟೇ, ಅದೂ ಹೋಗ್ಲಿಲ್ಲ 😀

ನನ್ ಕಡೆ ಇನ್ನೂ ವಿಚಿತ್ರ ನಡೀತಿದೆ, ಬರ್ಕೊಳ್ಳಿ. "ಕೃಷ್ಣಪ್ಪ" ಅಂತ ಬರೆದ್ರೆ ಟಿಎನ್‌ಸಿ ಕಮಾಂಡ್ ಮೋಡಿಗೆ ಬಂದು ಪ್ರಶ್ನೆ ಮಾರ್ಕ್ ಹಾಕಿ ಏನೋ ಕೇಳುತ್ತೆ. "ಓದಿದ್ಯಾ" ಅಂದ್ರೆ ಸ್ಕ್ರೀನ್ ಫ್ರೀಝ್, ಆಫ್ ಮಾಡಿ ಆನ್ ಮಾಡೋವರ್ಗೂ ಒಂದಕ್ಷರ ಬರಲ್ಲ. ಮತ್ತೆ ಒತ್ತಕ್ಷರ ಜಾಸ್ತಿ ಇರೋ ಸಾಲು ಬರೆದ್ರೆ ನಾನು ಎಂಟರ್ ಒತ್ತೋಕೆ ಮುಂಚೇನೇ ಪಿಟಿಟಿ (ಟ್ರಾನ್ಸ್‌ಮಿಟ್ ಸ್ವಿಚ್ಚು) ಟಕ್ ಟಕ್ ಟಕ್ ಅಂತ ಹೊಡ್ಕೊಳುತ್ತೆ. ನಮ್ಮಜ್ಜಿ ಬಂದು ಯಾರೋ ಬಾಗ್ಲು ಬಡೀತಿದಾರೆ ನೋಡೋ ಅಂದ್ರು.

ಬಂಗಾರಪೇಟೆ ಬ್ಯಾಟರಿ

ದೆವ್ವ ಗುರೂ. ನಿಂಬೆಹಣ್ಣು ಕಟ್ಟಿ.

ಸೀರಿಯಸ್ ಆಗಿ ಹೇಳ್ಬೇಕಂದ್ರೆ ಆರ್‌ಎಫ್ (ರೇಡಿಯೋ ಅಲೆ) ಒಳಗೆ ನುಗ್ತಿದೆ. ನನಗೂ ಹಂಗೇ ಆಗಿತ್ತು, ಟ್ರಾನ್ಸ್‌ಮಿಟ್ ಆದಾಗ ಆಂಟೆನಾದಿಂದ ಆರ್‌ಎಫ್ ವಾಪಸ್ ಸೀರಿಯಲ್ ಕೇಬಲ್ಲಿಗೆ ಹತ್ತಿ ಟಿಎನ್‌ಸಿ ತಲೆ ಕೆಡ್ತಿತ್ತು. ಒಂದ್ಸಲ ಪಿಟಿಟಿ ಅಂಟ್ಕೊಂಡು ರೇಡಿಯೋ ಬೋಂಡಾ ಕರಿಯೋ ಹಂಗಾಗಿತ್ತು, ನಾನು ಆಚೆ ಟೀ ಕುಡೀತಿದ್ದೆ. ಕೇಬಲ್‌ಗೆ ಫೆರೈಟ್ (ಆರ್‌ಎಫ್ ತಡೆಯೋ ಉಂಗುರ) ಹಾಕಿ. ಬಾವೊಫೆಂಗ್ ಕೈ ರೇಡಿಯೋ ಆದ್ರೆ ಮೆನು 9ರಲ್ಲಿ ಟೈಮ್‌ಔಟ್ 60 ಸೆಕೆಂಡಿಗೆ ಇಡಿ, ಇದನ್ನ ಮಾತ್ರ ಯಾರೂ ಮರೀಬೇಡಿ.

ನಂದಿ ತಪ್ಪಲು

ಆರ್‌ಎಫ್ ಆಗಿದ್ರೆ ಇಂಗ್ಲಿಷಲ್ಲೂ ಕೆಡ್ಬೇಕಲ್ವಾ? ನಾಲ್ಕು ಪುಟ ಇಂಗ್ಲಿಷ್ ಕಳ್ಸಿದ್ವಿ, ಒಂದಕ್ಷರ ತಪ್ಪಿಲ್ಲ. ಪವರ್ 1 ವ್ಯಾಟ್‌ಗೆ ಇಳ್ಸಿ ನೋಡ್ದೆ, ಆವಾಗ್ಲೂ "ಚಿಕ್ಕಬಳ್ಳಾಪುರ" ಅದೇ ಜಾಗದಲ್ಲೇ ಕಟ್ಟಾಗುತ್ತೆ.

ಹೊಸ ಹವ್ಯಾಸಿ (ಮಾಲೂರು)

ಸ್ವಲ್ಪ ಬೇರೆ ಪ್ರಶ್ನೆ, ಬೇಜಾರಾಗ್ಬೇಡಿ. ನನಗೆ ಬಾವೊಫೆಂಗ್ ಯುವಿ-5ಆರ್ ಮತ್ತೆ ಫೋನ್ ಮಾತ್ರ ಇರೋದು. ಪ್ಯಾಕೆಟ್ ಕೇಳುತ್ತೆ ಕಿರ್ರ್ ಅಂತ, ಆದ್ರೆ ಡಿಕೋಡ್ ಆಗೋದು ಹತ್ರಲ್ಲಿ ಒಂದೋ ಎರಡೋ. ಯಾಕೆ?

ಕಲ್ಪತರು ನಾಡು

ಮೆನು 3, ಸೇವ್, ಅದನ್ನ ಆಫ್ ಮಾಡು. ಬ್ಯಾಟರಿ ಉಳ್ಸೋಕೆ ರಿಸೀವರ್ರು ನಿದ್ದೆ ಮಾಡಿ ಮಾಡಿ ಏಳ್ತಿರ್ತೈತೆ, ಅದು ಕಣ್ಣು ಬಿಡೋ ಹೊತ್ತಿಗೆ ಪ್ಯಾಕೆಟ್ಟಿನ ತಲೆ ಹೋಗಿರ್ತೈತೆ. ಮಾತಾಡೋವಾಗ "ಹಲೋ" ಅನ್ನೋದ್ರಲ್ಲಿ "ಹ" ಹೋದ್ರೆ ನಮ್ಗೆ ಗೊತ್ತಾಗಲ್ಲ, ಪ್ಯಾಕೆಟ್ಟಲ್ಲಿ ಒಂದು ಬಿಟ್ ಹೋದ್ರೂ ಚೆಕ್‌ಸಮ್ ತಾಳೆ ಆಗಲ್ಲ, ಇಡೀ ಫ್ರೇಮೇ ಕಸದ ಬುಟ್ಟಿಗೆ. ಮೆನು 7 ಡ್ಯುಯಲ್ ವಾಚೂ (ಎರಡು ಚಾನೆಲ್ ಸರದಿ ಮೇಲೆ ಕೇಳೋದು) ಆಫ್ ಮಾಡು. ಸ್ಕ್ವೆಲ್ಚ್ (ಸಿಗ್ನಲ್ ಇಲ್ದಾಗ ಸದ್ದು ಮುಚ್ಚೋದು) ಪೂರ್ತಿ ತೆಗ್ದು 0 ಮಾಡಿಟ್ಟು ನೋಡು. ಡೈರ್‌ವುಲ್ಫ್ ಆದ್ರೆ ಆಡಿಯೋ ಲೆವೆಲ್ 50ರ ಹತ್ರ ತೋರ್ಸೋ ಹಂಗೆ ವಾಲ್ಯೂಮ್ ಇಡು, ಜೋರಾಗಿಟ್ರೆ ಒಳ್ಳೇದು ಅನ್ಕೋಬೇಡ, 1200 ಮತ್ತೆ 2200 ಹರ್ಟ್ಜ್ ಎರಡು ಟೋನ್ ಅಷ್ಟೇ ಇರೋದು ಅಲ್ಲಿ, ಕ್ಲಿಪ್ ಆದ್ರೆ ಎರಡೂ ಗೊಜ್ಜು.

ಕಳ್ಸೋವಾಗ ವಾಕ್ಸ್ (ಸದ್ದು ಕೇಳಿ ತಾನೇ ಟ್ರಾನ್ಸ್‌ಮಿಟ್ ಆಗೋದು) ನಂಬ್ಬೇಡ. ಮಾತು ನಿಂತ್ಮೇಲೂ ಅದು ಟ್ರಾನ್ಸ್‌ಮಿಟ್ ಹಿಡ್ಕೊಂಡಿರ್ತೈತೆ, ಅಷ್ಟರಲ್ಲಿ ಆ ಕಡೆಯವ್ರು ಉತ್ತರ ಕೊಟ್ಟಿರ್ತಾರೆ, ನಿಂಗೆ ಕೇಳ್ಸೇ ಇರಲ್ಲ. ಒಂದು ಟ್ರಾನ್ಸಿಸ್ಟರ್ ಹಾಕಿ ಪಿಟಿಟಿ ಎಳಿ.

ಹೊಸ ಹವ್ಯಾಸಿ

ಸೇವ್ ಆಫ್ ಮಾಡ್ದೆ ಅಣ್ಣಾ!! ಎಲ್ಲಾ ಬರ್ತಿದೆ!! ನಮ್ ಮನೆಯವ್ರೂ ನನಗೆ ಮೆಸೇಜ್ ಬಿಡ್ಬಹುದಾ ಇದ್ರಲ್ಲಿ? ಬರ್ತಾ ಕೊತ್ತಂಬರಿ ತಗೊಂಬನ್ನಿ ಅಂತ 😅

ಹಳೇ ತಂತಿ

ಇಲ್ಲಪ್ಪ. ಲೈಸೆನ್ಸ್ ಇಲ್ಲದವರ ಪರವಾಗಿ ಮೆಸೇಜ್ ಸಾಗಿಸೋದು ನಮ್ಮ ದೇಶದಲ್ಲಿ ಮಾಮೂಲಿ ದಿನದಲ್ಲಿ ಬಿಡಲ್ಲ, ಪ್ರವಾಹ ಭೂಕಂಪ ಅಂತ ವಿಪತ್ತು ಬಂದಾಗಿನ ಮಾತು ಬೇರೆ. ಅವರಿಗೂ ಪರೀಕ್ಷೆ ಕಟ್ಟಿಸು. ರೆಸ್ಟ್ರಿಕ್ಟೆಡ್ ಗ್ರೇಡ್‌ಗೆ ಮೋರ್ಸ್ ಬೇಕಿಲ್ಲ.

ಮತ್ತೆ ಗೂಢಲಿಪಿ ಕೂಡ ಕೂಡದು, ಸ್ಪಷ್ಟ ಭಾಷೆಯಲ್ಲಿರಬೇಕು. ಶಿಡ್ಲಘಟ್ಟದವರು ಕಳಿಸ್ತಿರೋ ಆ ಬ್ಯಾಕ್‌ಟಿಕ್ಕು ಎರಡು, ಬ್ಯಾಕ್‌ಟಿಕ್ಕು ಮೂರು ನೋಡಿದ್ರೆ ಮಾನಿಟರಿಂಗ್ ಸ್ಟೇಷನ್‌ನವರು ಸೀದಾ ಬೇಹುಗಾರರು ಅಂದ್ಕೊಂಡಾರು.

ಬಾಗೇಪಲ್ಲಿ ಬೈಟು

ತಡವಾಗಿ ಬಂದೆ, ಕ್ಷಮಿಸಿ, ಪರೀಕ್ಷೆ ಪೇಪರ್ ತಿದ್ದೋದಿತ್ತು. ನಾನು ಹ್ಯಾಮ್ ಅಲ್ಲ, ಕಂಪ್ಯೂಟರ್ ಹೇಳ್ಕೊಡ್ತೀನಿ, ತಮ್ಮ ಹ್ಯಾಮು, ಅವ್ನು ಇದನ್ನ ತೋರ್ಸಿದ. ಆ "ನಮಸ್ಕಾರ" ನೋಡಿ ರಾತ್ರಿ ನಿದ್ದೆ ಬರ್ಲಿಲ್ಲ.

ಅದು ಕಸ ಅಲ್ಲ. ಪಕ್ಕಾ ಕನ್ನಡವೇ, ಪ್ರತಿ ಬೈಟಿನ ತಲೆ ಕಡ್ದಿದೆ ಅಷ್ಟೇ.

ನೋಡಿ, ಯುಟಿಎಫ್-8 ಅಂದ್ರೆ ಕಂಪ್ಯೂಟರ್ ಅಕ್ಷರಗಳನ್ನ ಬೈಟಾಗಿ ಬರ್ಕೊಳೋ ಪದ್ಧತಿ, ಅದ್ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. "ನ" ಅಂದ್ರೆ ಹೆಕ್ಸಲ್ಲಿ (ಹದಿನಾರರ ಲೆಕ್ಕದ ಅಂಕಿ) ಇ0, ಬಿ2, ಎ8. ಮೂರಕ್ಕೂ ಎಂಟನೇ ಬಿಟ್, ಅಂದ್ರೆ ಎಲ್ಲಕ್ಕಿಂತ ಮೇಲಿನ ಬಿಟ್, 1. ಅದನ್ನ ಕಡ್ದು ಹಾಕಿ, ಇ0 ಹೋಗಿ 60 ಆಗುತ್ತೆ, ಅದು ಬ್ಯಾಕ್‌ಟಿಕ್. ಬಿ2 ಹೋಗಿ 32, ಅದು ಅಂಕಿ 2. ಎ8 ಹೋಗಿ 28, ಅದು ಎಡ ಬ್ರ್ಯಾಕೆಟ್. ಅಂದ್ರೆ "ನ" ಬದ್ಲು `2( ಬರುತ್ತೆ. ನಿಮ್ಮ ಸಾಲಿನ ಮೊದಲ ಮೂರು ಅದೇ ತಾನೇ? ಮ `2. ಆಗುತ್ತೆ, ಸ `28 ಆಗುತ್ತೆ, ರ `20. ಪೂರ್ತಿ ಕೂತು ಬಿಡ್ಸಿದೆ, ಒಂದೂ ತಪ್ಪಿಲ್ಲ.

ಈಗ ಮಜಾ. "ಚ" ಬರೆದ್ರೆ ಇ0, ಬಿ2, 9ಎ. ತಲೆ ಕಡಿದ್ರೆ 9ಎ ಹೋಗಿ 1ಎ. 1ಎ ಅಂದ್ರೆ ಏನು ಹೇಳಿ? ಕಂಟ್ರೋಲ್-ಝಡ್. ನಿಮ್ಮ ಮೇಲ್‌ಬಾಕ್ಸಲ್ಲಿ ಮೆಸೇಜ್ ಮುಗೀತು ಅಂತ ಹೇಳೋಕೆ ಏನು ಒತ್ತಬೇಕು ಅಂತ ನನ್ ತಮ್ಮನ್ನ ಕೇಳಿದೆ, ಅವ್ನೂ ಅದೇ ಅಂದ.

ನಂದಿ ತಪ್ಪಲು

ಅಯ್ಯಯ್ಯೋ.

ಅಕ್ಕಾ ಕೈ ಮುಗೀತೀನಿ. ಹದಿನೈದು ದಿನದಿಂದ ಆಂಟೆನಾ ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡ್ತಿದ್ದೆ. ನಮ್ ಮೇಲ್‌ಬಾಕ್ಸಲ್ಲಿ ಸಾಲಿನ ಯಾವ ಜಾಗದಲ್ಲಿ ಕಂಟ್ರೋಲ್-ಝಡ್ ಬಂದ್ರೂ ಮೆಸೇಜ್ ಕ್ಲೋಸು.

ಬಾಗೇಪಲ್ಲಿ ಬೈಟು

ತಾಳಿ ಇನ್ನೂ ಇದೆ. ತಮ್ಮನ ಹತ್ರ ಟಿಎನ್‌ಸಿ-2 ಮ್ಯಾನ್ಯುವಲ್ ಇತ್ತು, ಯಾವ ಯಾವ ಕಂಟ್ರೋಲ್ ಅಕ್ಷರಕ್ಕೆ ಏನ್ ಕೆಲ್ಸ ಅಂತ ಕೊಟ್ಟಿದಾರೆ. ರೇಷ್ಮೆಗೂಡು ಅವ್ರು ಹೇಳಿದ್ದು ಒಂದೊಂದಾಗಿ ತಾಳೆ ನೋಡ್ದೆ.

ಕೃಷ್ಣಪ್ಪನ ವಟ್ರುಸುಳಿ, ಅದು ಇ0, ಬಿ3, 83. ಕಡಿದ್ರೆ 03, ಕಂಟ್ರೋಲ್-ಸಿ, ಟಿಎನ್‌ಸಿನ ಕಮಾಂಡ್ ಮೋಡಿಗೆ ಎಳೆಯೋದು ಅದೇ. ಆಮೇಲೆ ಬರೋ "ಷ್ಣಪ್ಪ" ಅನ್ನ ಅದು ಕಮಾಂಡ್ ಅನ್ಕೊಂಡು ಇದೇನು ಅಂತ ಕೇಳುತ್ತೆ.

"ಓ" ಅಂದ್ರೆ ಕೊನೇ ಬೈಟು 93, ಕಡಿದ್ರೆ 13, ಕಂಟ್ರೋಲ್-ಎಸ್. "ಟರ್ಮಿನಲ್‌ಗೆ ಏನೂ ಕಳಿಸ್ಬೇಡ, ತಡಿ" ಅನ್ನೋ ಸಿಗ್ನಲ್. ಅದನ್ನ ಬಿಡ್ಸೋಕೆ 11 ಬರ್ಬೇಕು, ಆದ್ರೆ ಕನ್ನಡದ ಯುನಿಕೋಡ್ ಪಟ್ಟಿಲಿ ಆ ಜಾಗ ಖಾಲಿ ಬಿಟ್ಟಿದಾರೆ, ಎ ಏ ಐ ಆದ್ಮೇಲೆ ಒ ಗೆ ಮುಂಚೆ. ಹಂಗಾಗಿ ಕನ್ನಡದಲ್ಲಿ ಎಷ್ಟು ಬರೆದ್ರೂ ಆ ಬೀಗ ತೆಗೆಯಲ್ಲ.

ಒತ್ತಕ್ಷರದ ಕಥೆ ಇನ್ನೂ ಚೆಂದ. ಒತ್ತು ಬರೋಕೆ ಮಧ್ಯೆ ಒಂದು ಹಲಂತ ಚಿಹ್ನೆ ಇರುತ್ತಲ್ಲ, ಅರ್ಧಾಕ್ಷರದ್ದು, ಅದು ಇ0, ಬಿ3, 8ಡಿ. ತಲೆ ಹೋದ್ರೆ 0ಡಿ. ಎಂಟರ್ ಕೀ! ನಿಮ್ಮ ಅಜ್ಜಿಗೆ ಕೇಳಿಸಿದ್ದು ಒತ್ತಕ್ಷರಗಳೇ.

ಹಾಂ, "ಈ" ಬರೆದ್ರೆ 08, ಬ್ಯಾಕ್‌ಸ್ಪೇಸು. ಐತ್ವನೂ ಅಷ್ಟೇ. ಮೈಸೂರು ಅಂತ ಬರೆದ್ರೆ ಹಿಂದಿನ ಅಕ್ಷರ ಅಳ್ಸಿಹೋಗುತ್ತೆ.

ರೇಷ್ಮೆಗೂಡು

ಅಜ್ಜಿಗೆ ಹೇಳ್ದೆ. "ಒತ್ತಕ್ಷರ ಬಾಗ್ಲು ಬಡಿಯುತ್ತಾ, ನಿಮ್ ಕಾಲದಲ್ಲಿ ಏನೇನ್ ನೋಡ್ಬೇಕೋ" ಅಂದ್ರು.

ಬಂಗಾರಪೇಟೆ ಬ್ಯಾಟರಿ

ನಿಂಬೆಹಣ್ಣು ವಾಪಸ್ ತಗೊಂಡೆ. ಫೆರೈಟ್ ಮಾತ್ರ ಇರ್ಲಿ.

ಹಳೇ ತಂತಿ

ಮೇಡಂ, ನಲವತ್ತು ವರ್ಷದಲ್ಲಿ ಇಂಥ ಪತ್ತೇದಾರಿ ನೋಡಿರಲಿಲ್ಲ. ತಮ್ಮನಿಗೆ ಹೇಳಿ, ನಿಮ್ಮನ್ನೂ ಪರೀಕ್ಷೆಗೆ ಕೂರಿಸಲಿ.

ಕಾರಣ ಗೊತ್ತಾದ ಮೇಲೆ ಮದ್ದು ನನ್ನ ಹತ್ರ ಇದೆ. ಆ ಕಾಲದ ಟರ್ಮಿನಲ್‌ಗಳೆಲ್ಲ 7 ಬಿಟ್, ಎಂಟನೇದು ಪ್ಯಾರಿಟಿಗೆ, ಅಂದ್ರೆ ತಪ್ಪು ಪತ್ತೆ ಹಚ್ಚೋಕೆ. ಟಿಎನ್‌ಸಿ-2ರಲ್ಲಿ ಡೀಫಾಲ್ಟ್ ಹಾಗೇ ಬಿಟ್ಟಿರ್ತಾರೆ. 8ಬಿಟ್‌ಕಾನ್ವ್ ಅನ್ನೋ ಕಮಾಂಡ್ ಆನ್ ಮಾಡಿ.

ನಂದಿ ತಪ್ಪಲು

ಮಾಡ್ದೆ ಸಾರ್, ಇಬ್ರೂ ಮಾಡಿದ್ವಿ. ಏನೂ ಬದಲಾಗ್ಲಿಲ್ಲ. ಅದೇ `2 ಅದೇ `3.

ಹಳೇ ತಂತಿ

ಪೂರ್ತಿ ಹೇಳೋಕೆ ಮುಂಚೆ ಊಟಕ್ಕೆ ಕರೆದ್ರು. ಅದೊಂದೇ ಸಾಲದು. ಅದು ಟಿಎನ್‌ಸಿ ಒಳಗಿನ ಕತ್ತರಿ ತೆಗೆಯುತ್ತೆ, ಆದರೆ ಕಂಪ್ಯೂಟರ್ ಮತ್ತು ಟಿಎನ್‌ಸಿ ನಡುವಿನ ಸೀರಿಯಲ್ ದಾರಿಯೇ 7 ಬಿಟ್ ಅಗಲ ಇದ್ರೆ ಎಂಟನೇ ಬಿಟ್ ಒಳಗೆ ಬರೋದೇ ಇಲ್ವಲ್ಲ. ಎಡಬ್ಲ್ಯೂಲೆನ್ ಅನ್ನೋದನ್ನ 7ರಿಂದ 8 ಮಾಡಿ, ಪ್ಯಾರಿಟಿ 0 ಮಾಡಿ, ಆಮೇಲೆ ರೀಸ್ಟಾರ್ಟ್ ಕಮಾಂಡ್ ಕೊಡಿ, ಕೊಡದಿದ್ರೆ ಹೊಸ ಅಗಲ ಜಾರಿಗೆ ಬರಲ್ಲ. ಟರ್ಮಿನಲ್ ಪ್ರೋಗ್ರಾಮ್‌ನಲ್ಲೂ 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಎರಡೂ ಕಡೆ ಒಂದೇ ಸಲ ಬದಲಾಯಿಸಬೇಕು, ಇಲ್ಲಾಂದ್ರೆ ಸ್ಕ್ರೀನ್ ತುಂಬ ಚೀನೀ ಭಾಷೆ ಬರುತ್ತೆ, ಹೆದರಬೇಡಿ. ಎಕ್ಸ್‌ಫ್ಲೋ (ಕಂಟ್ರೋಲ್-ಎಸ್ ಥರದ ಅಕ್ಷರದಿಂದ ತಡೆಯೋದು) ಆಫ್ ಮಾಡಿ, ಹಾರ್ಡ್‌ವೇರ್ ಹ್ಯಾಂಡ್‌ಶೇಕ್ ಇರೋ ಕೇಬಲ್ ಇದ್ರೆ ಅದನ್ನೇ ಹಾಕಿ.

ಕಲ್ಪತರು ನಾಡು

ಮೂರು ಕಮಾಂಡು ಒಂದು ರೀಸ್ಟಾರ್ಟು. ಪೈ ಹಾಕಿದ್ರೆ ಇದ್ಯಾವ್ದೂ ಬೇಕಿರ್ಲಿಲ್ಲ ಅಂತ ನಾನ್ ಹೇಳೋದಿಲ್ಲ (ಹೇಳ್ದೆ).

ಮೇಡಂಗೆ ಒಂದು ಡೌಟು. 8 ಬಿಟ್ ಮಾಡಿದ್ಮೇಲೂ ಕನ್ನಡದ ಬೈಟು ಯಾವ್ದಾದ್ರೂ ಕಂಟ್ರೋಲ್ ಅಕ್ಷರಕ್ಕೆ ಡಿಕ್ಕಿ ಹೊಡಿಯೋ ಚಾನ್ಸ್ ಐತಾ?

ಬಾಗೇಪಲ್ಲಿ ಬೈಟು

ಇಲ್ಲ. ಕಂಟ್ರೋಲ್ ಅಕ್ಷರ ಎಲ್ಲಾ ಹೆಕ್ಸಲ್ಲಿ 20ಕ್ಕಿಂತ ಕೆಳಗೆ, ಡಿಲೀಟ್ ಒಂದು ಮಾತ್ರ 7ಎಫ್. ಕನ್ನಡದ ಬೈಟುಗಳೆಲ್ಲಾ 80 ಅಥವಾ ಅದರ ಮೇಲೆ. 1992ರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ರೂ ಯುಟಿಎಫ್-8 ಮಾಡಿದಾಗ ಈ ಅಂತರ ಬೇಕೂಂತಲೇ ಇಟ್ಟಿದ್ದು, ಹಳೇ ಮೆಷಿನ್ನು ಎಂಟೂ ಬಿಟ್ ಮುಟ್ಟದೆ ದಾಟ್ಸಿದ್ರೆ ಸಾಕು, ಒಳಗೇನಿದೆ ಅಂತ ಅದಕ್ಕೆ ಗೊತ್ತಿರ್ಬೇಕಿಲ್ಲ.

ನಂದಿ ತಪ್ಪಲು

ಬಂತುಊಊ!! "ಚಿಕ್ಕಬಳ್ಳಾಪುರ" ಬಂತು! ಚೌಡೇಶ್ವರಿ, ಚಿತ್ರಾನ್ನ, ಚಿಂತಾಮಣಿ ಎಲ್ಲಾ ಬಂತು.

ಆದ್ರೆ ಒಂದು ಚಿಕ್ಕ ತೊಂದ್ರೆ, ದೊಡ್ಡ ಮೆಸೇಜಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಕಪ್ಪು ಡೈಮಂಡ್ ಪ್ರಶ್ನೆ ಮಾರ್ಕ್ ಆಗಿ ಬರ್ತಿದೆ.

ಬಂಗಾರಪೇಟೆ ಬ್ಯಾಟರಿ

ಪ್ಯಾಕ್‌ಲೆನ್ (ಒಂದು ಪ್ಯಾಕೆಟ್ಟಲ್ಲಿ ಎಷ್ಟು ಬೈಟು ಅನ್ನೋದು) 128 ಇರುತ್ತೆ ನಿಮ್ದು. 128ನ ಮೂರರಿಂದ ಭಾಗ್ಸಿದ್ರೆ 2 ಉಳಿಯುತ್ತೆ, ಅಂದ್ರೆ ಕೊನೇ ಅಕ್ಷರ ಅರ್ಧ ಈ ಪ್ಯಾಕೆಟ್ಟಲ್ಲಿ ಅರ್ಧ ಮುಂದಿನ ಪ್ಯಾಕೆಟ್ಟಲ್ಲಿ. 126 ಮಾಡಿ, ಸರಿಯಾಗಿ 42 ಚಿಹ್ನೆ ಕೂರುತ್ತೆ. ಈ ಸಲ ನಂದೇ ಕರೆಕ್ಟು.

ಬಾಗೇಪಲ್ಲಿ ಬೈಟು

ಅರ್ಧ ಕರೆಕ್ಟು 🙂 ಕಾರಣ ಸರಿ, ಮದ್ದು ಸರಿ ಇಲ್ಲ. ಸ್ಪೇಸು, ಚುಕ್ಕಿ, ಅಂಕಿ ಎಲ್ಲಾ ಒಂದೊಂದೇ ಬೈಟು. ಮಧ್ಯೆ ಒಂದು ಸ್ಪೇಸ್ ಬಂದ್ರೆ ಸಾಕು, ಮೂರರ ಲೆಕ್ಕ ಜಾರಿಹೋಗುತ್ತೆ. ಸ್ಪೇಸ್ ಇಲ್ದೆ ಕನ್ನಡ ಬರೆಯೋಕೆ ನಾವೇನು ಶಾಸನ ಕೆತ್ತುತಿದೀವಾ?

ತಪ್ಪು ಟರ್ಮಿನಲ್ ಪ್ರೋಗ್ರಾಮಿಂದು. ಬಂದ ತುಂಡನ್ನ ಬಂದ ಹಾಗೇ ಓದೋಕೆ ಹೋಗುತ್ತೆ. ಕೊನೇಲಿ ಅರ್ಧ ಅಕ್ಷರ ಇದ್ರೆ ಇಟ್ಕೊಂಡು ಮುಂದಿನ ತುಂಡು ಬಂದ್ಮೇಲೆ ಸೇರ್ಸಿ ತೋರ್ಸಬೇಕು. ಪೈಥಾನಲ್ಲಿ ಇನ್‌ಕ್ರಿಮೆಂಟಲ್ ಡಿಕೋಡರ್ ಅಂತ ರೆಡಿ ಇದೆ, ಹತ್ತು ಹನ್ನೆರಡು ಸಾಲಲ್ಲಿ ಆಗುತ್ತೆ, ತಮ್ಮನ ಕೈಲಿ ಕಳಿಸ್ತೀನಿ.

ಹಳೇ ತಂತಿ

ಆದರೂ ಒಂದು ಲೆಕ್ಕ ಹೇಳಿಬಿಡ್ತೀನಿ, ಹಠಕ್ಕಲ್ಲ. ಕರ್ನಾಟಕ ಅಂತ ಇಂಗ್ಲಿಷ್ ಅಕ್ಷರದಲ್ಲಿ 9 ಬೈಟು. ಕನ್ನಡದಲ್ಲಿ ಏಳು ಚಿಹ್ನೆ, 21 ಬೈಟು. 1200 ಬಾಡ್ ಅಂದ್ರೆ ಸೆಕೆಂಡಿಗೆ 150 ಬೈಟು, ಅದೂ ಕಾಗದದ ಮೇಲೆ. ಇನ್ನೂರು ಚಿಹ್ನೆಯ ಕಾಗದ ಅಂದ್ರೆ 600 ಬೈಟು, 128ರಂತೆ ಐದು ಪ್ಯಾಕೆಟ್. ಒಂದೊಂದಕ್ಕೂ ವಿಳಾಸ ಚೆಕ್‌ಸಮ್ ಎಲ್ಲ ಸೇರಿ ಒಂದು ಸೆಕೆಂಡ್, ರೇಡಿಯೋ ಏಳೋದಕ್ಕೆ ಟಿಎಕ್ಸ್‌ಡಿಲೇ 300 ಮಿಲಿಸೆಕೆಂಡ್, ಆ ಕಡೆಯಿಂದ "ಬಂತು" ಅನ್ನೋ ಉತ್ತರಕ್ಕೆ ಇನ್ನರ್ಧ ಸೆಕೆಂಡ್. ಒಟ್ಟು ಒಂಬತ್ತು ಹತ್ತು ಸೆಕೆಂಡ್. ಮಧ್ಯೆ ಒಂದು ಬಿಟ್ ಕೆಟ್ರೆ ಮತ್ತೆ ಕಳಿಸಬೇಕು.

ರೇಷ್ಮೆಗೂಡು

ಹತ್ತು ಸೆಕೆಂಡ್ ತಾನೇ ಸಾರ್. ನಾನು ಕಾಯ್ತೀನಿ. ಹುಳ ಗೂಡು ಕಟ್ಟೋಕೆ ಮೂರು ದಿನ ತಗೊಳುತ್ತೆ, ಅದನ್ನೇ ಕಾಯ್ತೀವಿ.

ಹಳೇ ತಂತಿ

ಸರಿ ಸೋತೆ. ಆದರೆ ಮ್ಯಾಕ್ಸ್‌ಫ್ರೇಮ್ (ಒಂದೇ ಸಲಕ್ಕೆ ಕಳಿಸೋ ಫ್ರೇಮ್ ಎಷ್ಟು ಅನ್ನೋದು) 1 ಅಥವಾ 2ಕ್ಕಿಂತ ಮೇಲೆ ಇಡಬೇಡಿ. ಏಳು ಫ್ರೇಮ್ ಒಟ್ಟಿಗೆ ಕಳಿಸಿ ಎರಡನೇದು ಕೆಟ್ರೆ ಅದೂ, ಅದರ ನಂತರದವೆಲ್ಲಾ ಮತ್ತೆ ಹೊರಬೇಕಾಗುತ್ತೆ.

ನನಗೂ ನಿಮ್ಮ ಮೇಲ್‌ಬಾಕ್ಸ್‌ಗೆ ಒಂದು ಕನ್ನಡ ಕಾಗದ ಹಾಕೋ ಆಸೆ. ಕೋಲಾರದಿಂದ ತಲುಪುತ್ತಾ?

ಕಲ್ಪತರು ನಾಡು

ಲೆಕ್ಕ ಹಾಕಣ. ಆಂಟೆನಾ ಎತ್ತರ ಮೀಟರಲ್ಲಿ, ಅದರ ವರ್ಗಮೂಲ ಇಂಟು 4.12, ಅಷ್ಟು ಕಿಲೋಮೀಟರ್ ರೇಡಿಯೋ ದಿಗಂತ. ಮನೆ ಮೇಲೆ 12 ಮೀಟರ್ ಎತ್ತರ ಇದ್ರೆ 14 ಕಿಲೋಮೀಟರ್ ಚಿಲ್ರೆ. ಎರಡೂ ಕಡೆ ಸೇರಿ 28. ಚಿಕ್ಕಬಳ್ಳಾಪುರ ಶಿಡ್ಲಘಟ್ಟ 15 ಕಿಲೋಮೀಟರ್, ಆರಾಮು. ಕೋಲಾರ ನೇರ ಗೆರೇಲಿ 50ರ ಮೇಲೈತೆ, ಆ ಎತ್ತರದಲ್ಲಿ ಕಷ್ಟ ಸಾರ್.

ಬೆಟ್ಟ ಹತ್ತಿದ್ರೆ ಕಥೆ ಬೇರೆ. ನಂದಿ ಬೆಟ್ಟ 1478 ಮೀಟರ್, ಸುತ್ತಲಿನ ನೆಲಕ್ಕಿಂತ ಐನೂರು ಮೀಟರ್ ಮೇಲೆ ಅಂತ ಹಿಡಿದ್ರೂ 90 ಕಿಲೋಮೀಟರ್ ಕಾಣ್ಸತೈತೆ. ನಾನು ಒಂದ್ ಭಾನುವಾರ ದೇವರಾಯನದುರ್ಗ ಹತ್ತಿ ಕೈಯಲ್ಲಿ ಹಿಡ್ಕೊಳೋ ರೇಡಿಯೋ ಹಿಡ್ಕೊಂಡು ನಂದಿ ಮೇಲಿದ್ದ ಫ್ರೆಂಡ್ ಜೊತೆ 5 ವ್ಯಾಟಲ್ಲಿ ಪಕ್ಕದ ಮನೆ ಥರ ಮಾತಾಡಿದೀನಿ, ಮಧ್ಯೆ 50 ಕಿಲೋಮೀಟರ್. ಅಲ್ಲಿನ ಕೋತಿಗಳು ಮಾತ್ರ ಬಿಡ್ಲಿಲ್ಲ, ರೋಲ್-ಅಪ್ ಜೆ-ಪೋಲ್ ಆಂಟೆನಾ ಮರಕ್ಕೆ ಕಟ್ಟಿದ್ದೆ, ಒಂದು ಕೋತಿ ಕೋಯಾಕ್ಸ್ ಕೇಬಲ್ ಹಿಡ್ಕೊಂಡು ಉಯ್ಯಾಲೆ ಆಡ್ತು, ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಪವರ್ ವಾಪಸ್ ಬರೋ ಲೆಕ್ಕ) ಎಷ್ಟಾಯ್ತೋ ರಾಮನೇ ಬಲ್ಲ.

ನಂದಿ ತಪ್ಪಲು

ಬೆಟ್ಟದ ಮೇಲೆ ಪರ್ಮನೆಂಟಾಗಿ ಡಿಜಿಪೀಟರ್ (ಕೇಳಿದ ಪ್ಯಾಕೆಟ್ ಮತ್ತೆ ಕಳ್ಸೋ ಸ್ಟೇಷನ್, ಚಿಕ್ಕದಾಗಿ ಡಿಜಿ) ಇಡೋದು ಪರ್ಮಿಷನ್ ಇಲ್ದೆ ಆಗೋ ಮಾತಲ್ಲ, ಅದು ಬೇಡ. ಮಧ್ಯೆ ಯಾರಾದ್ರೂ ಹ್ಯಾಮ್ ಮನೆ ಎತ್ತರದಲ್ಲಿದ್ರೆ ಅವ್ರ ಸ್ಟೇಷನ್ನೇ ಡಿಜಿ ಆಗ್ಬಹುದಲ್ವಾ?

ಕಲ್ಪತರು ನಾಡು

ಆಗ್ಬಹುದು, ಆದ್ರೆ ಡಿಜಿ ಅಂದ್ರೆ ಒಂದೇ ಫ್ರೀಕ್ವೆನ್ಸಿಲಿ ಪ್ರತಿ ಫ್ರೇಮ್ ಎರಡು ಸಲ ಹೋಗ್ತೈತೆ, ಸ್ಪೀಡ್ ಅರ್ಧ. ಉತ್ತರನೂ ಆ ತುದಿಯಿಂದ ಈ ತುದಿವರ್ಗೂ ವಾಪಸ್ ಬರ್ಬೇಕು, ಮಧ್ಯೆ ಎಲ್ಲಿ ಕೆಟ್ರೂ ಮೊದ್ಲಿಂದ. ಅದಕ್ಕೆ ನೋಡ್ ಹಾಕೋದು ಒಳ್ಳೇದು, ನೋಡ್ ಆದ್ರೆ ಒಂದೊಂದು ಹೆಜ್ಜೆಗೂ ತಾನೇ ಉತ್ತರ ತಗೊಂಡು ಮುಂದಕ್ಕೆ ದಾಟಿಸ್ತೈತೆ. ಮತ್ತೆ ಸಾರ್‌ಗೂ ನಿಮಗೂ ಪರಸ್ಪರ ಕೇಳ್ಸಲ್ಲ, ಇಬ್ರೂ ಚಾನೆಲ್ ಖಾಲಿ ಐತೆ ಅನ್ಕೊಂಡು ಒಟ್ಟಿಗೆ ಬಡಿದ್ರೆ ಮಧ್ಯದವ್ನ ಕಿವೀಲಿ ಎರಡೂ ಗೊಜ್ಜು. ಇದಕ್ಕೆ ಪೂರ್ತಿ ಮದ್ದಿಲ್ಲ.

ಹಳೇ ತಂತಿ

ಮೊದಲು ನೇರವಾಗೇ ನೋಡೋಣ. ನನ್ನ ಹತ್ರ ಐದು ಎಲಿಮೆಂಟ್ ಯಾಗಿ ಆಂಟೆನಾ ಇದೆ, ಮನೆಯೂ ಅಂತರಗಂಗೆ ಕಡೆ ಸ್ವಲ್ಪ ದಿಣ್ಣೆ ಮೇಲೆ. ಕೋಯಾಕ್ಸ್ ಆರ್‌ಜಿ-58 ಇಪ್ಪತ್ತು ಮೀಟರ್ ಹಾಕಿದ್ದೆ, ಅದರಲ್ಲೇ ಅರ್ಧಕ್ಕಿಂತ ಜಾಸ್ತಿ ಪವರ್ ಹೋಗ್ತಾ ಇತ್ತು, ಈಗ ದಪ್ಪದ್ದು ಎಳೆದಿದ್ದೀನಿ. ಭಾನುವಾರ ಸಂಜೆ 7ಕ್ಕೆ ನಿಮ್ಮ ಕಡೆ ತಿರುಗಿಸ್ತೀನಿ.

ಇನ್ನೊಂದು ಕೇಳೋಣ ಅಂತಿದ್ದೆ, ನೈಟ್ ಶಿಫ್ಟ್‌ಗೆ ಹೋದಾಗ ಮೇಲ್‌ಬಾಕ್ಸ್ ಆನ್ ಬಿಟ್ಟು ಹೋಗ್ತೀರಾ? ಲೈಸೆನ್ಸ್ ನಿಮ್ಮ ಹೆಸರಲ್ಲಿದೆ, ನೀವಿಲ್ಲದಾಗ ಅದು ತಾನಾಗೇ ಟ್ರಾನ್ಸ್‌ಮಿಟ್ ಮಾಡಿದ್ರೆ ಹೊಣೆ ನೀವೇ. ಬಂಗಾರಪೇಟೆಯವರ ಬೋಂಡಾ ನೆನಪಿರಲಿ.

ನಂದಿ ತಪ್ಪಲು

ಇಲ್ಲ ಸಾರ್, ನಾನು ಮನೇಲಿ ಮಲಗಿರೋ ಹೊತ್ತಲ್ಲಿ ಮಾತ್ರ ಆನ್, ಬೆಳಿಗ್ಗೆ 9ರಿಂದ ಸಂಜೆವರ್ಗೂ. ಶಿಫ್ಟ್‌ಗೆ ಹೊರಡೋವಾಗ ಆಫ್ ಮಾಡಿ ಲಾಗಲ್ಲಿ ಬರೆದಿಡ್ತೀನಿ.

ನಂದಿ ತಪ್ಪಲು

ಭಾನುವಾರದ ಅಪ್ಡೇಟ್. ಕೋಲಾರ ಸಾರ್ ಕನೆಕ್ಟ್ ಆಗೋಕೆ ಆರು ಸಲ ಟ್ರೈ ಮಾಡಿದ್ರು, ಎರಡು ಸಲ ಲಿಂಕ್ ನಿಂತು ರೀಟ್ರೈ ಮುಗ್ದು ಬಿದ್ದೋಯ್ತು. ಅವ್ರ ಮೆಸೇಜ್ ಹೆಡರ್ ಅಷ್ಟೇ ನನ್ಹತ್ರ ಇರೋದು, ಒಳಗೆ ಖಾಲಿ. ಮುಂದಿನ ವಾರ ಮತ್ತೆ.

ಶಿಡ್ಲಘಟ್ಟದ್ದು ಮಾತ್ರ ಇವತ್ತು ಸಂಜೆ ಎದ್ದು ನೋಡ್ತೀನಿ, ಹಿಂಗೆ ಕೂತಿತ್ತು, ಒಂದಕ್ಷರ ಮುಕ್ಕಾಗಿಲ್ಲ:

"ಚಿಕ್ಕಬಳ್ಳಾಪುರದ ಅಣ್ಣನಿಗೆ. ಚಂದ್ರಿಕೆಗೆ ಹುಳ ಬಿಟ್ಟಾಯ್ತು. ಕೃಷ್ಣಪ್ಪ ಮಾವ ಮೈಸೂರಿಂದ ಬಂದವ್ರೆ, ಚಕ್ಕುಲಿ ತಂದವ್ರೆ, ಈ ಕಡೆ ಬಂದಾಗ ತಗೊಂಡೋಗು. ಓದಿದ್ಮೇಲೆ ಕಿಲ್ ಮಾಡು."

ಚ, ವಟ್ರುಸುಳಿ, ಐತ್ವ, ಈ, ಓ ಎಲ್ಲಾ ಬೇಕಂತಲೇ ತುರುಕಿದಾನೆ ಬಡ್ಡಿಮಗ. ಕಿಲ್ (ಮೆಸೇಜ್ ಅಳ್ಸೋ ಕಮಾಂಡ್) ಮಾಡ್ಲಿಲ್ಲ. 32 ಕೆ ಇದೆ, ಜಾಗ ಇದೆ, ಇರ್ಲಿ.

ರೇಷ್ಮೆಗೂಡು

ಕಿಲ್ ಮಾಡಣ್ಣ. ಚಕ್ಕುಲಿ ಖಾಲಿ ಆಯ್ತು.